ಫ್ರಿಜ್ಜಿನಲ್ಲಿದ್ದ ಜವುಗು

ನನ್ನ ಗಂಡನಿಗೆ ಸ್ವಿಚ್ಚಿನ ಹುಚ್ಚು. ಊರಿಗೆ ಹೊರಟರೆ, ಮೈಸೂರಿನಲ್ಲಿ ಅವರಪ್ಪ ಮಾಡುತ್ತಿದ್ದಂತೆ, ಗ್ಯಾಸು, ನಲ್ಲಿ ನಿಲ್ಲಿಸಿ, ಗೋಡೆಯ ಒಂದೊಂದು ಸ್ವಿಚ್ಚನ್ನೂ ಆರಿಸದೆ ಚಪ್ಪಲಿ ಮೆಟ್ಟುವವರಲ್ಲ. ಮೆಲ್ಬರ್ನಿನ ಟ್ರುಗನಿನಾದಲ್ಲಿ ಮನೆ ಮಾಡಿದ ಮೇಲೂ ಅದೇ ಶಾಸ್ತ್ರ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ನಾನು ನಗುತ್ತಿದ್ದೆ.

ಆಗ ನನ್ನ ಪಿಎಚ್‌ಡಿಯ ಕೊನೆಯ ವರ್ಷ. ಉತ್ತರ ಕೆನಡಾದ ಜವುಗಿನಿಂದ ಕೊರೆದು ತೆಗೆದ ಪೀಟ್ ನನ್ನ ವಿಷಯ. ಪೀಟ್ ಎಂದರೆ ಸತ್ತ ಪಾಚಿ. ನೀರು, ಚಳಿ ಎರಡೂ ಸೇರಿ ಅದನ್ನು ಪೂರ್ತಿ ಕೊಳೆಯಲು ಬಿಡುವುದಿಲ್ಲ. ಹಾಗಾಗಿ ಪಾಚಿ ಗಾಳಿಯಿಂದ ಹೀರಿದ ಕಾರ್ಬನ್ ಸಾವಿರಾರು ವರ್ಷ ಅಲ್ಲೇ ಪದರ ಪದರವಾಗಿ ಉಳಿಯುತ್ತದೆ. ಹವಾಮಾನ ಬೆಚ್ಚಗಾದರೆ ಪಾಚಿ ಜಾಸ್ತಿ ಬೆಳೆಯುತ್ತದೆ, ಕೊಳೆಯುವುದೂ ಜಾಸ್ತಿಯಾಗುತ್ತದೆ. ಎರಡರಲ್ಲಿ ಗೆಲ್ಲುವುದು ಯಾವುದು ಎಂಬುದೇ ನನ್ನ ಪ್ರಶ್ನೆ. ಹಿಂದೊಮ್ಮೆ ಬೆಚ್ಚಗಿದ್ದ ಕಾಲದ ಪದರವೊಂದನ್ನು ಹೊರದೇಶದ ಮಣ್ಣನ್ನು ಸುಲಭಕ್ಕೆ ಒಳಬಿಡದ ಕ್ವಾರಂಟೈನ್‌ನವರ ಹಿಂದೆ ಅಲೆದು ಅಲೆದು ತರಿಸಿಕೊಂಡಿದ್ದೆ. ಲ್ಯಾಬಿನ ಪುಟ್ಟ ಫ್ರಿಜ್ಜಿನಲ್ಲಿದ್ದ ಅದರ ಮೇಲೆಯೇ ನನ್ನ ಕೊನೆಯ ಅಧ್ಯಾಯ ನಿಂತಿತ್ತು.

ಕ್ರಿಸ್‌ಮಸ್ ರಜೆಗೆ ಸಿಡ್ನಿಯ ಅಕ್ಕನ ಮನೆಗೆ ಹೊರಟ ದಿನ ಗಂಡ ನನ್ನನ್ನು ಕರೆದೊಯ್ಯಲು ಲ್ಯಾಬಿಗೇ ಬಂದರು. ನಾನು ಕೈ ತೊಳೆದು ಬರುವಷ್ಟರಲ್ಲಿ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು. ಎಲ್ಲ ನೋಡಿದ್ದೀನಿ, ನಡಿ ಎಂದರು. ಕಂಪ್ಯೂಟರಿನ ಮಾತು ಅಂದುಕೊಂಡೆ.

ಅಕ್ಕನ ಪ್ಯಾರಮಟ್ಟಾದ ಫ್ಲ್ಯಾಟಿನಲ್ಲಿ ಊಟದ ಹೊತ್ತಿಗೆ ಭಾವ ನನ್ನ ಓದಿನ ಬಗ್ಗೆ ಕೇಳಿದರು. ಹೇಳಿದೆ. ತಣ್ಣಗಿಟ್ಟರೆ ಕೆಡುವುದಿಲ್ಲ ಅನ್ನೋದನ್ನ ನಮ್ಮ ಮನೆ ಫ್ರಿಜ್ಜೇ ಹೇಳುತ್ತೆ, ಅದಕ್ಕೂ ಒಂದು ಡಾಕ್ಟರೇಟಾ ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗಂಡ.

ರಜೆ ಮುಗಿಸಿ ಬಂದಾಗ ಅಲ್ಲಿನ ಜನವರಿ ಬೇಸಿಗೆಗೆ ಮೆಲ್ಬರ್ನ್ ಕಾದ ಕಾವಲಿ. ಲ್ಯಾಬಿನ ಬಾಗಿಲು ತೆಗೆದೊಡನೆ ವಾಸನೆ ಮೂಗಿಗೆ ಹೊಡೆಯಿತು. ಫ್ರಿಜ್ಜಿನೊಳಗೆ ದೀಪವಿರಲಿಲ್ಲ. ಪೀಟಿನ ಮೈತುಂಬ ಬಿಳಿ ಬೂಷ್ಟು. ಗೋಡೆಯ ಸ್ವಿಚ್ಚು ಆರಿತ್ತು. ಸಾವಿರಾರು ವರ್ಷ ಕೆಡದೆ ಉಳಿದದ್ದು ನಮ್ಮ ಒಂದು ರಜೆಯಲ್ಲಿ ಕೆಟ್ಟಿತ್ತು.

ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದೆ.

"ಫ್ರಿಜ್ ಬಾಗ್ಲು ತೆಗ್ದು ನೋಡೇ ಆಫ್ ಮಾಡಿದ್ದು ಕಣೇ," ಎಂದರು. "ಹಾಲು, ಮೊಸರು ಏನೂ ಇರ್ಲಿಲ್ಲ. ಬರೀ ಮಣ್ಣು. ಮಣ್ಣೂ ಕೆಡುತ್ತಾ?"

ಪೀಟಿನ ಹಳೆಯ ಕೊಳೆತ ಎಷ್ಟು, ನನ್ನ ಗಂಡ ಕೊಳೆಸಿದ್ದು ಎಷ್ಟು ಎಂದು ಇನ್ನು ಬೇರ್ಪಡಿಸುವಂತಿರಲಿಲ್ಲ. ಮತ್ತೆ ಕೊರೆಯಲು ಕೆನಡಾದ ಬೇಸಿಗೆಗೇ ಕಾಯಬೇಕು ಎಂದರು ನನ್ನ ಗೈಡ್. ಅಷ್ಟರಲ್ಲಿ ನನ್ನ ಸ್ಕಾಲರ್‌ಶಿಪ್ ಮುಗಿಯುತ್ತಿತ್ತು. ಆ ಅಧ್ಯಾಯವನ್ನೇ ಕೈಬಿಟ್ಟೆ. ಡಿಗ್ರಿ ಬಂತು, ಉತ್ತರ ಬರಲಿಲ್ಲ.

ಅಂದಿನಿಂದ ನನ್ನ ಗಂಡ ಊರಿಗೆ ಹೊರಟಾಗ ಯಾವ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ದೀಪ, ಫ್ಯಾನು, ಹೀಟರು ಎಲ್ಲ ಆನ್ ಇದ್ದರೂ ಹೋಗಿ ಕಾರಿನಲ್ಲಿ ಕೂತುಬಿಡುತ್ತಾರೆ. ಮನೆ ಸುತ್ತಿ ಒಂದೊಂದನ್ನೇ ಆರಿಸಿ ಬರುವವಳು ಈಗ ನಾನು.