ಕುರಿ ಏಳುವ ಹೊತ್ತು

ಬಳ್ಳಾರಿಗೆ ಹೊರಟಿದ್ದ ನಮ್ಮ ಆಟೊ ಬೆಳಗಿನ ಹೊತ್ತು ಕುರುಗೋಡು ದಾಟಿದ್ದೇ ತಡ, ನಿಂತಿತು. ಪಕ್ಕದ ಹೊಲದಲ್ಲಿ ರಾತ್ರಿ ಗೊಬ್ಬರಕ್ಕೆಂದು ತರುಬಿದ್ದ ಕುರಿಹಿಂಡು ಆಗತಾನೆ ಏಳುತ್ತಿತ್ತು. ಮೊದಲೇ ಎದ್ದ ಹತ್ತಾರು ಕುರಿಗಳು ರಸ್ತೆ ತುಂಬಿ ನಿಂತಿದ್ದವು. ಡ್ರೈವರ್ ಹಾರ್ನ್ ಹೊಡೆದ.

ಹೊಲದ ಒಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದಳು. "ಹಾರ್ನ್ ಹೊಡೀಬ್ಯಾಡ ತಮ್ಮಾ. ಕುರಿ ಎದ್ದ ಕೂಡ್ಲೆ ಉಚ್ಚಿ ಹೊಯ್ತಾವು. ಬೆದರಿ ಓಡಿಬಂದ್ರ ಎಲ್ಲಾ ರಸ್ತಿ ಪಾಲಾಗತೈತಿ."

ಹಿಕ್ಕೆಗಾಗಿ ಹೊಲದಲ್ಲಿ ಕುರಿ ತರುಬುತ್ತಾರೆಂದು ನನಗೆ ಗೊತ್ತಿತ್ತು. ಅವು ಎದ್ದು ನಿಲ್ಲುವ ಈ ಗಳಿಗೆಗೂ ಇಷ್ಟು ಬೆಲೆಯಿದೆಯೆಂದು ಗೊತ್ತಿರಲಿಲ್ಲ. ಕುರಿಗಾರರಿಗೆ ರಾತ್ರಿ ರೊಟ್ಟಿ ಬಡಿದುಹಾಕಿ ಗಳಿಸಿದ್ದನ್ನು ಡಾಂಬರಿಗೆ ಬಿಟ್ಟುಕೊಡಲು ಆಕೆ ತಯಾರಿರಲಿಲ್ಲ.

"ಸಂತಿಗೆ ಹೊತ್ತಾಗಾಕತ್ತೈತಿ ಅಕ್ಕಾ," ಎಂದು ಡ್ರೈವರ್ ಗೊಣಗಿದ.

"ಸಂತಿಗೆ ಬರೋದು ಇಂಥಾ ಹೊಲದ ಮೆಣಸಿನಕಾಯೇ. ನಿಂದ್ರು."

ಅವನು ಎಂಜಿನ್ ಆರಿಸಿದ. ಮುದಿ ಕುರಿಗಾರ ಲೊಚಗುಟ್ಟುತ್ತ ಸೋಮಾರಿಗಳನ್ನು ಕೋಲಿನ ತುದಿಯಿಂದ ಮೆಲ್ಲಗೆ ತಿವಿದು ಎಬ್ಬಿಸುತ್ತಿದ್ದ. ಎದ್ದ ಕುರಿಗಳು ಕಾಲು ಅಗಲಿಸಿ ನಿಂತು ಕೆಲಸ ಮುಗಿಸಿಯೇ ಮುಂದೆ ಹೋಗುತ್ತಿದ್ದವು. ಕೊನೆಗೆ ಒಂದು ದಪ್ಪ ಕುರಿ ಮಾತ್ರ ಉಳಿಯಿತು. ಆಟೊದಲ್ಲಿದ್ದವರೆಲ್ಲ ಕತ್ತು ಹೊರಗೆ ಚಾಚಿ ಅದನ್ನೇ ನೋಡುತ್ತಿದ್ದೆವು.

ಅದು ಎದ್ದಿತು. ಹೊಲದಲ್ಲಿ ಒಂದು ಹನಿಯನ್ನೂ ಬಿಡದೆ ಬದು ದಾಟಿ ಬಂದು, ನಮ್ಮ ಮುಂದಿನ ಗಾಲಿಯ ಹತ್ತಿರ ನಿಂತು, ಬಹಳ ಹೊತ್ತು ಹೊಯ್ದಿತು.

ಒಡತಿ ಆ ಹರಿವನ್ನೊಮ್ಮೆ, ಡ್ರೈವರನ ಮುಖವನ್ನೊಮ್ಮೆ ನೋಡಿದಳು.

ಅವನು ಹ್ಯಾಂಡಲಿನಿಂದ ಎರಡೂ ಕೈ ಎತ್ತಿ ತೋರಿಸಿದ. "ನಾ ಹಾರ್ನ್ ಮುಟ್ಟಿಲ್ಲಕ್ಕಾ. ಅದಾ ಬಂತು."