ಲಕ್ಷ್ಮಿಯ ಚಿತ್ರದ ಹಿಂದಿನ ಅಕ್ಷರ

ರೇಖಾ, ಆ ದಿನ ಕಂಪ್ಯೂಟರ್ ಕೆಟ್ಟಿರಲಿಲ್ಲ. ನೀನು ಏನನ್ನೂ ಕೆಡಿಸಿರಲಿಲ್ಲ. ಏನಾಗಿದೆಯೆಂದು ನನಗೆ ಮೊದಲ ಕ್ಷಣದಿಂದಲೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನಿಪ್ಪಾಣಿಯ ಆ ಲಗ್ನಪತ್ರಿಕೆಯ ಪ್ರೆಸ್ಸಿನಲ್ಲಿ ನಾನು ಹನ್ನೊಂದು ವರ್ಷ ಟೈಪು ಮಾಡಿದವಳು. ನೀನು ಐನಾಪುರದಿಂದ ಬಂದು ಎಂಟೇ ತಿಂಗಳಾಗಿತ್ತು. ವೈರಸ್ ಹತ್ತಿ ಮಲಗಿದ್ದ ಯಂತ್ರಕ್ಕೆ ನೀನು ವಿಂಡೋಸ್ ಬದಲು ಲಿನಕ್ಸ್ ಹಾಕಿ ಎಬ್ಬಿಸಿದೆ. ಅಂದಿನಿಂದ ಮಾಲಕರ ಬಾಯಲ್ಲಿ ಬರೀ ರೇಖಾ, ರೇಖಾ. "ಶೋಭಾ, ಆಕೀ ಕಡಿಂದ ನೀನೂ ಸ್ವಲ್ಪ ಕಲ್ಕೋ ಬೇ" ಅಂದುಬಿಟ್ಟರು ಒಮ್ಮೆ, ಗಿರಾಕಿಗಳ ಮುಂದೆಯೇ. ಮೈಯೆಲ್ಲ ಉರಿಯಿತು. ಚಿಕ್ಕೋಡಿಯ ಹೊಸ ಶಾಖೆಯನ್ನು ನಿನಗೇ ವಹಿಸುತ್ತಾರೆಂದು ಕೇಳಿದ ಮೇಲಂತೂ ನನಗೆ ಅನ್ನ ಸೇರಲಿಲ್ಲ.

ನಮ್ಮಲ್ಲಿ ಪತ್ರಿಕೆಗಳು ಎರಡು ಭಾಷೆಯವು — ಹೆಣ್ಣಿನ ಕಡೆಯವರಿಗೆ ಕನ್ನಡ, ಗಂಡಿನ ಕಡೆಯವರಿಗೆ ಮರಾಠಿ. ಮರಾಠಿ ಟೈಪಿಂಗ್ ನನ್ನದು. ಯಂತ್ರದ ಲಾಗಿನ್ ಪರದೆ ಕೊನೆಗೆ ಬಳಸಿದ ಭಾಷೆಯನ್ನೇ ಹಿಡಿದುಕೊಂಡು ಕೂರುತ್ತಿತ್ತು; ನಾನು ಮರಾಠಿಯಲ್ಲಿ ಬಿಟ್ಟುಹೋದರೆ, ಮರುದಿನ ಇಂಗ್ಲಿಷಿನ ಗುಪ್ತಪದವೂ ಮರಾಠಿ ಅಕ್ಷರವಾಗಿ ಬಿದ್ದು ತಪ್ಪಾಗುತ್ತಿತ್ತು. ಅದನ್ನು ತೋರಿಸುವ ಪುಟ್ಟ ಅಕ್ಷರ ಪರದೆಯ ಬಲಮೂಲೆಯಲ್ಲಿತ್ತು. ಆ ಮೂಲೆಗೇ ಮಾಲಕರು ಖಂಡೇನವಮಿಯ ಆಯುಧಪೂಜೆಯಲ್ಲಿ ಲಕ್ಷ್ಮಿಯ ಚಿತ್ರ ಅಂಟಿಸಿದ್ದರು. ದೇವರನ್ನು ಕೀಳುವವರು ಯಾರು? ಒಂದು ವಾರ ಮೊದಲು ನಾನೇ ಒಳಗೆ ಹೋಗಲಾಗದೆ ಒದ್ದಾಡಿ, ಚಿತ್ರದ ಅಂಚನ್ನು ಎತ್ತಿ ನೋಡಿ, ಎರಡು ಕೀಲಿ ಒತ್ತಿ ಭಾಷೆ ಬದಲಿಸಿ ಪಾರಾಗಿದ್ದೆ. ನಿನಗೆ ಹೇಳಲಿಲ್ಲ. ನಿನಗೆ ಗೊತ್ತಿಲ್ಲದ್ದು ಒಂದಾದರೂ ನನ್ನ ಬಳಿ ಇರಲಿ ಅನ್ನಿಸಿತ್ತು.

ಆ ಬೆಳಿಗ್ಗೆ ನೀನು ಗುಪ್ತಪದ ಒತ್ತಿದೆ. ಪರದೆಯ ಮೇಲೆ ಬರೀ ಚುಕ್ಕಿಗಳು — ಯಾವ ಭಾಷೆಯ ಚುಕ್ಕಿಯೆಂದು ಯಾರಿಗೆ ತಿಳಿಯಬೇಕು! ತಪ್ಪು ಅಂದಿತು. ಮತ್ತೆ ಒತ್ತಿದೆ, ಮತ್ತೆ ತಪ್ಪು. ಬರೀ ಇಂಗ್ಲಿಷಿನಲ್ಲೇ ನಡೆಯುವ ಕಪ್ಪು ಪರದೆಗೆ ಹೋಗಿ ಅದೇ ಪದ ಕೊಟ್ಟೆ, ಒಳಗೆ ಬಿಟ್ಟಿತು. "ಅಕ್ಕಾ, ಇಲ್ಲಿ ನಡೀತೈತಿ, ಅಲ್ಲಿ ನಡೀವಲ್ದು. ಲಾಗಿನ್ ಪರದೀನ ಕೆಟ್ಟೈತಿ ನೋಡ್ರಿ" ಅಂದೆ. ಆ ಲಾಗಿನ್ ಪ್ರೋಗ್ರಾಮನ್ನೇ ತೆಗೆದು ಹೊಸದಾಗಿ ಹಾಕಿದೆ. ಆದರೂ ತಪ್ಪು.

ಅಥಣಿಯ ಒಂದು ಮದುವೆಯ ಬೀಗರು ಪತ್ರಿಕೆ ಒಯ್ಯಲು ಬಂದು ಕೂತಿದ್ದರು. "ಅಹೋ, ಕಾರ್ಡ್ ಕಧೀ ಮಿಳಣಾರ್?" ಎಂದು ಅವರ ಜೊತೆಗಿದ್ದ ಮುದುಕಿ, ಕಾರ್ಡು ಯಾವಾಗ ಸಿಗುತ್ತದೆಂದು ಮರಾಠಿಯಲ್ಲಿ ಗೊಣಗುತ್ತಿದ್ದಳು. ಮಧ್ಯಾಹ್ನವಾಗುವ ಹೊತ್ತಿಗೆ ಬೀಗರು ಎದ್ದು ಹೋದರು. ಮಾಲಕರು ನಿನ್ನ ಮುಖ ನೋಡಿ, "ಇದ್ದ ಮಷೀನ್ ಹಾಳ್ ಮಾಡಿಟ್ಟಿ. ನಾಳಿಂದ ಬರಬ್ಯಾಡ" ಅಂದರು.

ನಾನು ಅಲ್ಲೇ ಕಾಗದ ಕತ್ತರಿಸುತ್ತ ನಿಂತಿದ್ದೆ. ಎರಡು ಕೀಲಿ, ರೇಖಾ. ಒಂದು ಮಾತು ಸಾಕಿತ್ತು — ಒಳಗೊಳಗೇ ಹಿಗ್ಗುತ್ತಿದ್ದೆ, ಹೇಗೆ ಹೇಳಲಿ...

ನೀನು ಬ್ಯಾಗು ಎತ್ತಿಕೊಂಡು ಹೋದೆ. ನಾನು ಹೋಗಿ ಕೂತು ಯಂತ್ರ ಎಬ್ಬಿಸಿದೆ. "ಹಳೇ ಕೈ ಅಂದ್ರ ಹಳೇ ಕೈ!" ಎಂದರು ಮಾಲಕರು. ಆರು ವರ್ಷದಿಂದ ಚಿಕ್ಕೋಡಿಯ ಆ ಕುರ್ಚಿಯಲ್ಲಿ ಕೂತಿರುವವಳು ನಾನು.

ಮೊನ್ನೆ ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ನಿನ್ನ ಮಗಳು ಶಾಲೆಯ ಕಂಪ್ಯೂಟರಿನ ಬಗ್ಗೆ ಏನೋ ಕೇಳಿದಳು. "ನನಗ ಅದೇನೂ ತಿಳಿಯಂಗಿಲ್ಲವ್ವಾ, ಕಲೀಲಿಕ್ಕೆ ಹೋಗಿ ಒಂದು ಮಷೀನ್ ಕೆಡಿಸಿ ಬಂದಾಕಿ ನಾನು" ಎಂದು ನೀನು ನಕ್ಕೆ. ನಾನೂ ನಕ್ಕೆ. ಛೀ, ಆಗಲೂ ನಕ್ಕೆ.

ನಾಳೆ ನಿಪ್ಪಾಣಿಗೆ ಹೋಗಿ ಮಾಲಕರ ಮುಂದೆ ಈ ಪತ್ರವನ್ನು ಓದುತ್ತೇನೆ. ಆಮೇಲೆ ಕುರ್ಚಿ ಉಳಿಯುತ್ತದೋ ಇಲ್ಲವೋ, ಅವರಿಗೆ ಬಿಟ್ಟದ್ದು. ಅಲ್ಲಿಂದ ನಿನ್ನ ಮನೆಗೆ ಬರುತ್ತೇನೆ. ನಿನ್ನ ಮಗಳು ಎದುರಿಗಿರುವಾಗಲೇ ಹೇಳಬೇಕು — ನಿನಗೆ ಬರುತ್ತಿತ್ತು, ರೇಖಾ. ನನಗಿಂತ ಚೆನ್ನಾಗಿ ಬರುತ್ತಿತ್ತು.