ಕಲ್ಲಿನ ಕತೆ ಕೇಳುವ ಸರ್ವೇಯರ್

ಮೂವತ್ತೈದರೊಳಗೆ ಸೂಪರ್‌ವೈಸರ್ ಆಗಬೇಕೆಂದು ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡೇ ನಾನು ಗುಂಡ್ಲುಪೇಟೆಯಲ್ಲಿ ಸರ್ವೇಯರ್ ಕೆಲಸಕ್ಕೆ ಸೇರಿದೆ. ಹೆಚ್ಚು ಜಮೀನು ಅಳೆದವನಿಗೆ ಬೇಗ ಬಡ್ತಿ ಎಂದು ನಂಬಿದ್ದೆ. ಹಂಗಳದ ಹೊಲವೊಂದರಲ್ಲಿ ಕಣ್ಣಿಗೆ ಬಿದ್ದ ಕಲ್ಲನ್ನೇ ಸರಹದ್ದಿನ ಬಾಂದು ಕಲ್ಲೆಂದುಕೊಂಡು, ಅಲ್ಲಿಂದಲೇ ಅಳೆದು, ಒಂದೇ ಗಂಟೆಯಲ್ಲಿ ಕೆಲಸ ಮುಗಿಸಿದೆ.

ಹೊಲದೊಡತಿ ಅಜ್ಜಿ ಅಷ್ಟು ಹೊತ್ತೂ ಬದುವಿನ ಮೇಲೆ ಕೂತು ನೋಡುತ್ತಿದ್ದಳು.

"ಅದು ಎಮ್ಮೆ ಕಟ್ಟಾಕಕೆ ನಾನೇ ನೆಟ್ಟ ಕಲ್ಲು ಕಣಪ್ಪಾ," ಎಂದಳು.

"ಮೊದಲೇ ಹೇಳಬಾರದಿತ್ತಾ ಅಜ್ಜೀ?" ಎಂದು ರೇಗಿದೆ.

"ನೀನೆಲ್ಲಿ ಕೇಳ್ದೆ? ಬಂದೆ, ಅಳ್ದುಬುಟ್ಟೆ."

ಉರಿಬಿಸಿಲಿನಲ್ಲಿ ಮತ್ತೆ ಮೊದಲಿನಿಂದ ಅಳೆದೆ. ಅಂದಿನಿಂದ ಹೊಲಕ್ಕೆ ಹೋದ ಕೂಡಲೇ ಅಳತೆಯ ಸರಪಳಿ ಬಿಚ್ಚುವುದಿಲ್ಲ. ಎರಡೂ ಕಡೆಯವರೊಂದಿಗೆ ಬದುವಿನುದ್ದಕ್ಕೂ ನಡೆದು, ಯಾವ ಕಲ್ಲು ಯಾರು ನೆಟ್ಟಿದ್ದೆಂದು ಕೇಳುತ್ತೇನೆ. ಅರ್ಧ ದಿನ ಅದಕ್ಕೇ ಹೋಗುತ್ತದೆ. ಹೋಗಲಿ. ಹಳೆಯ ನಕ್ಷೆಗಳು ನನಗೆ ಅರ್ಥವಾಗತೊಡಗಿದ್ದು ಆ ನಡಿಗೆಯಲ್ಲೇ.

ಚಾಮರಾಜನಗರಕ್ಕೆ ವರ್ಗವಾಗಿ ಬಂದೆ. ಮೂವತ್ತೈದು ದಾಟಿ ನಾಲ್ಕು ವರ್ಷವಾಯಿತು. ಈ ಸಲದ ಬಡ್ತಿ ಪಟ್ಟಿಯಲ್ಲೂ ನನ್ನ ಹೆಸರಿರಲಿಲ್ಲ. ಬೇಜಾರಾಗಲಿಲ್ಲ ಎಂದರೆ ಸುಳ್ಳು.

ಅದೇ ವಾರ, ಹೊಲದ ಪಾಲಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಕುದೇರಿನ ಅಣ್ಣತಮ್ಮಂದಿರು ಬೇರೆ ಬೇರೆ ಬಸ್ಸಿನಲ್ಲಿ ಕಚೇರಿಗೆ ಬಂದರು. ಒಬ್ಬರ ಮುಖ ಒಬ್ಬರು ನೋಡದೆ ನಮ್ಮ ಸಾಹೇಬರ ಮುಂದೆ ನಿಂತು, ಇಬ್ಬರೂ ಒಂದೇ ಮಾತು ಹೇಳಿದರು:

"ಕಲ್ಲಿನ ಕತೆ ಕೇಳ್ತರಲ್ಲ ಸಾ, ಅವ್ರುನ್ನೇ ಕಳ್ಸಿ."